ಗೃಹಾರೋಗ್ಯ: ಮರಳಿ ಮರಳಿ ಗರ್ಭಸ್ರಾವವೂ ರಕ್ತ ‘ತೆಳುಮಾಡುವ’ ಮದ್ದೂ

ಈ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಒಂದು ನಮ್ಮ ಮನಸ್ಸನ್ನು ಬಹುವಾಗಿ ಕಲಕಿತು. ಬರೆದವರು ಮಲೆನಾಡಿನ ಕಡೆಯ ಒಬ್ಬ ಹಿರಿಯ ಗೃಹಿಣಿ. ಅವರ ಮಗನಿಗೆ ಮದುವೆಯಾಗಿ ಏಳು ವರ್ಷಗಳಾದುವು. ಸೊಸೆಗೆ ಮೂರು ಬಾರಿ ಗರ್ಭ ನಿಂತಿತು. ಮೂರು ಬಾರಿಯೂ ಮೂರನೆಯ ತಿಂಗಳು ತುಂಬುವುದರೊಳಗೆ ಸ್ರವಿಸಿಹೋಯಿತು. ಆ ಬಳಿಕ ಎರಡು ವರ್ಷ ಗರ್ಭವೇ ನಿಲ್ಲಲಿಲ್ಲ. ಈಗ ದಂಪತಿಗಳು ಬೆಂಗಳೂರಿನಲ್ಲಿ ಐ.ವಿ.ಎಫ್. ಎಂದು ಕರೆಯಲ್ಪಡುವ ಪ್ರನಾಳ ಶಿಶುವಿನ ಚಿಕಿತ್ಸೆಯನ್ನು ಕೈಕೊಂಡಿರುವರು. ಅಲ್ಲಿಯ ವೈದ್ಯರು ದಿನಕ್ಕೊಂದು ಸಣ್ಣ ಆಸ್ಪಿರಿನ್ ಮಾತ್ರೆಯನ್ನೂ, ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳತಕ್ಕ ಹೆಪಾರಿನ್ ಎಂಬ ಸೂಜಿಮದ್ದನ್ನೂ ಬರೆದುಕೊಟ್ಟಿದ್ದಾರೆ.

ಹಬ್ಬಕ್ಕೆಂದು ಊರಿಗೆ ಬಂದ ಸೊಸೆಗೆ ಎಣ್ಣೆನೀರು ಹಾಕುವಾಗ ಆ ತಾಯಿ ಆಕೆಯ ಹೊಟ್ಟೆಯ ಮೇಲೆ ನಾಲ್ಕಾರು ನೀಲಿ ಕಲೆಗಳನ್ನು ಕಂಡರು. ಕೇಳಿದ್ದಕ್ಕೆ, “ರಕ್ತ ತೆಳುವಾಗುವುದಕ್ಕೆ ಸೂಜಿ, ಅತ್ತೆ” ಎಂಬ ಉತ್ತರ ಬಂತು. ಅಂದಿನಿಂದ ತಮಗೆ ನಿದ್ರೆಯಿಲ್ಲವೆಂದು ಬರೆದಿದ್ದಾರೆ. “ರಕ್ತವನ್ನು ನೀರಾಗಿಸಿದರೆ ಕೂಸು ನಿಂತೀತೆ? ಮೊದಲೇ ಮೂರು ಸಲ ರಕ್ತವಾಗಿ ಹರಿದುಹೋದದ್ದು. ಆದರೆ ಪಕ್ಕದ ಮನೆಯವರ ಮಗಳಿಗೂ ಇದೇ ಸೂಜಿ ಹಾಕಿದ್ದರಂತೆ, ಆಕೆಗೆ ಮಗುವಾಗಿದೆ. ನಾನು ಬೇಡವೆನ್ನಲೇ, ಬೇಕೆನ್ನಲೇ?” ಎಂಬುದು ಅವರ ಪ್ರಶ್ನೆ.

ಪತ್ರವು ಎರಡು ಪುಟ ತುಂಬ ಇದೆ. ಸೊಸೆಯ ಊಟೋಪಚಾರದಿಂದ ಮೊದಲ್ಗೊಂಡು ಹೊತ್ತ ಹರಕೆಗಳವರೆಗೆ ಎಲ್ಲವನ್ನೂ ಬರೆದಿದ್ದಾರೆ. ಆದರೆ ಆ ಮದ್ದನ್ನು ಯಾವ ಕಾರಣಕ್ಕಾಗಿ ಕೊಟ್ಟಿದ್ದಾರೆ, ರಕ್ತ ಪರೀಕ್ಷೆಯಲ್ಲಿ ಏನು ಕಂಡುಬಂತು ಎಂಬ ಮಾತೊಂದೂ ಅದರಲ್ಲಿ ಇಲ್ಲ. ಅದು ಅವರ ತಪ್ಪಲ್ಲ. ಬಹುಶಃ ಅವರಿಗೆ ಯಾರೂ ಹೇಳಿಲ್ಲ. ಆದರೆ ಈ ವಿಷಯದ ತಿರುಳೆಲ್ಲ ಅಲ್ಲಿಯೇ ಅಡಗಿರುವುದು. ಆದುದರಿಂದ ಈ ಪ್ರಶ್ನೆಯನ್ನು ಎಲ್ಲ ವಾಚಕರ ಮುಂದಿಟ್ಟು ಸಾಧ್ಯವಾದಷ್ಟು ಸ್ಪಷ್ಟವಾಗಿ ವಿವರಿಸಲು ಯತ್ನಿಸುವೆವು. ಮೊದಲೇ ಒಂದು ಮಾತು: ನಮ್ಮ ಬರಹವನ್ನು ಓದಿ ಯಾರೂ ವೈದ್ಯರು ಕೊಟ್ಟ ಮದ್ದನ್ನು ತಾವಾಗಿ ನಿಲ್ಲಿಸಕೂಡದು, ತಾವಾಗಿ ಆರಂಭಿಸಲೂ ಕೂಡದು.

ಮೊದಲು ‘ತೆಳುಮಾಡುವುದು’ ಎಂಬ ಮಾತಿನ ವಿಚಾರ. ಈ ಮಾತೇ ಆ ತಾಯಿಯ ಭಯಕ್ಕೆ ಅರ್ಧ ಕಾರಣ. ಹಾಲಿಗೆ ನೀರು ಬೆರೆಸಿದರೆ ಹಾಲು ತೆಳುವಾಗುವುದು, ಅದರ ಸತ್ತ್ವ ಕುಂದುವುದು. ಆದರೆ ಹೆಪ್ಪು ಹಾಕದೆ ಇಟ್ಟ ಹಾಲು ಮೊಸರಾಗದೆ ಉಳಿದರೆ ಅದರ ಸತ್ತ್ವಕ್ಕೆ ಯಾವ ಕುಂದೂ ಬಾರದು. ಈ ಮದ್ದುಗಳು ಮಾಡುವ ಕೆಲಸ ಎರಡನೆಯ ಬಗೆಯದು. ಅವು ರಕ್ತಕ್ಕೆ ನೀರು ಬೆರೆಸುವುದಿಲ್ಲ. ರಕ್ತವು ಹೆಪ್ಪುಗಟ್ಟುವ ವೇಗವನ್ನು ತಗ್ಗಿಸುವುವು, ಅಷ್ಟೆ. ಆಸ್ಪಿರಿನ್ ಮಾತ್ರೆಯು ಪ್ಲೇಟ್‌ಲೆಟ್ ಎಂಬ ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವುದು. ತಲೆನೋವಿಗೆ ನುಂಗುವ ಮಾತ್ರೆ ಮುನ್ನೂರು ಮಿಲಿಗ್ರಾಮಿಗೂ ಮೇಲ್ಪಟ್ಟದ್ದಾದರೆ, ಇಲ್ಲಿ ಕೊಡತಕ್ಕದ್ದು ೭೫ರಿಂದ ೧೦೦ ಮಿಲಿಗ್ರಾಮಿನಷ್ಟು ಮಾತ್ರ. ಹೆಪಾರಿನ್ ಆದರೋ ರಕ್ತದ್ರವದಲ್ಲಿಯೇ ಇರುವ ಹೆಪ್ಪುಗಟ್ಟಿಸುವ ದ್ರವ್ಯಗಳಿಗೆ ಕಡಿವಾಣ ಹಾಕುವುದು.

ಹೆಪಾರಿನ್ ಎಂಬ ಹೆಸರನ್ನು ಕೇಳಿದರೆ ನಮ್ಮ ‘ಹೆಪ್ಪು’ ಎಂಬ ಮಾತೇ ನೆನಪಿಗೆ ಬರುವುದು ಸಹಜ. ಆದರೆ ಅದು ಕಾಕತಾಳೀಯ. ೧೯೧೬ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮ್ಯಾಕ್‌ಲೀನ್ ಎಂಬ ವಿದ್ಯಾರ್ಥಿಯು ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ಪರೀಕ್ಷಿಸುತ್ತಿದ್ದಾಗ, ಅದಕ್ಕೆ ತದ್ವಿರುದ್ಧವಾದ ಗುಣವುಳ್ಳ ಪದಾರ್ಥವೊಂದನ್ನು ಕಂಡನು. ಅವನ ಗುರುಗಳಾದ ವಿಲಿಯಂ ಹೋವೆಲ್ ಎಂಬವರು ಯಕೃತ್ತಿನಿಂದ ತೆಗೆದ ಇಂತಹ ಪದಾರ್ಥಕ್ಕೆ ೧೯೧೮ರಲ್ಲಿ ಈ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಹೆಪಾರ್’ ಎಂದರೆ ಯಕೃತ್ತು. ಅದನ್ನು ಶುದ್ಧಿಗೊಳಿಸಿ ಮನುಷ್ಯರಿಗೆ ಕೊಡುವಂತಾದದ್ದು ೧೯೩೦ರ ದಶಕದಲ್ಲಿ. ಗರ್ಭಿಣಿಯರ ಮಟ್ಟಿಗೆ ಹೆಪಾರಿನ್ನಿನ ದೊಡ್ಡ ಗುಣವೇನೆಂದರೆ, ಅದರ ಅಣುವು ದೊಡ್ಡದಾದುದರಿಂದ ಮಾಸನ್ನು ದಾಟಿ ಶಿಶುವಿನ ರಕ್ತಕ್ಕೆ ಸೇರದು. ವಾರ್ಫರಿನ್ ಎಂಬ ಮಾತ್ರೆಯ ಸಂಗತಿ ಹಾಗಲ್ಲ. ಅದು ಮಾಸನ್ನು ದಾಟುವುದು. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಅಂಗಗಳು ಕೆಡುವಂತೆ ಮಾಡಬಲ್ಲುದು. ಆದಕಾರಣ ಹೃದ್ರೋಗ ಮುಂತಾದುವುಗಳಿಗೆ ಅದನ್ನು ನುಂಗುತ್ತಿರುವ ಸ್ತ್ರೀಯರು ಗರ್ಭವನ್ನು ಬಯಸುವ ಮುಂಚೆಯೇ ವೈದ್ಯರಿಗೆ ತಿಳಿಸತಕ್ಕದ್ದು.

ಇನ್ನು ಗರ್ಭಸ್ರಾವಕ್ಕೂ ಈ ಮದ್ದಿಗೂ ಇರುವ ಸಂಬಂಧ. ನಮ್ಮ ಪ್ರಾಚೀನ ವೈದ್ಯರು ನಾಲ್ಕು ತಿಂಗಳೊಳಗೆ ಹೋದುದನ್ನು ಗರ್ಭಸ್ರಾವವೆಂದೂ, ಐದು ಆರನೆಯ ತಿಂಗಳಲ್ಲಿ ಹೋದುದನ್ನು ಗರ್ಭಪಾತವೆಂದೂ ಬೇರ್ಪಡಿಸಿ ಹೇಳಿದ್ದರು. ತಿಳಿದುಬಂದ ಗರ್ಭಗಳಲ್ಲಿ ನೂರಕ್ಕೆ ೧೦ರಿಂದ ೨೦ರಷ್ಟು ಹೀಗೆ ನಷ್ಟವಾಗುವುವು. ಒಮ್ಮೆ ಹೋಗುವುದು ಅನೇಕರ ಪಾಲಿಗೆ ಬಂದದ್ದೇ; ಮೂರು ಅಥವಾ ಹೆಚ್ಚು ಬಾರಿ ಹೋಗುವುದು ನೂರು ದಂಪತಿಗಳಲ್ಲಿ ಸುಮಾರು ಒಬ್ಬರಿಗೆ. ಆರಂಭದಲ್ಲಿಯೇ ಹೋದ ಗರ್ಭಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು, ಭ್ರೂಣದ ವರ್ಣತಂತುಗಳ ಎಣಿಕೆಯಲ್ಲಿ ಆದ ದೋಷದಿಂದ ಹೋಗುವುವು. ಬೀಜವೇ ಪೊಳ್ಳಾಗಿದ್ದರೆ ನೆಲಕ್ಕೆ ಎಷ್ಟು ಗೊಬ್ಬರ ಹಾಕಿ ಫಲವೇನು? ಅಂತಹ ನಷ್ಟವನ್ನು ಯಾವ ಸೂಜಿಮದ್ದೂ ತಡೆಯಲಾರದು. ಥೈರಾಯ್ಡ್ ಗ್ರಂಥಿಯ ದೋಷ, ಹತೋಟಿಯಲ್ಲಿಲ್ಲದ ಸಿಹಿಮೂತ್ರ ರೋಗ, ಗರ್ಭಕೋಶದೊಳಗೆ ಅಡ್ಡಪರೆ ಇರುವುದು, ತಂದೆ ಅಥವಾ ತಾಯಿಯ ವರ್ಣತಂತುಗಳಲ್ಲಿ ಸ್ಥಳಪಲ್ಲಟ, ಇವು ಬೇರೆ ಕಾರಣಗಳು. ಇವುಗಳಿಗೆ ಪರೀಕ್ಷೆಗಳೂ ಬೇರೆ, ಪರಿಹಾರಗಳೂ ಬೇರೆ.

ರಕ್ತದ ಹೆಪ್ಪಿಗೆ ಸಂಬಂಧಿಸಿದ ಕಾರಣಗಳಲ್ಲಿ ಸ್ಪಷ್ಟವಾಗಿ ಸ್ಥಾಪಿತವಾದುದು ಒಂದೇ. ಅದರ ಹೆಸರು ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್. ಲಂಡನ್ನಿನ ವೈದ್ಯರಾದ ಗ್ರಹಾಂ ಹ್ಯೂಸ್ ೧೯೮೩ರಲ್ಲಿ ಇದನ್ನು ವಿವರಿಸಿದರು. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ಪ್ರತಿಕಾಯಗಳು ದಾರಿತಪ್ಪಿ, ತನ್ನ ದೇಹದ ಪದಾರ್ಥಗಳ ಮೇಲೆಯೇ ತಿರುಗಿಬೀಳುವುದು ಈ ರೋಗದ ಸ್ವರೂಪ. ಅದರಿಂದ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಬಹುದು. ಮಾಸು ಗರ್ಭಕೋಶದಲ್ಲಿ ಬೇರೂರುವ ಕೆಲಸಕ್ಕೂ ಕುಂದು ಬರುವುದು. ಮಾಸಿನ ನಾಳಗಳಲ್ಲಿ ಹೆಪ್ಪು ಕಟ್ಟುವುದೊಂದೇ ಕಾರಣವೆಂದು ಮೊದಲು ತಿಳಿದಿದ್ದರು. ಈ ಪ್ರತಿಕಾಯಗಳು ಮಾಸಿನ ಜೀವಕೋಶಗಳನ್ನು ನೇರವಾಗಿಯೂ ಪೀಡಿಸುವುವೆಂದು ಈಗ ಗೊತ್ತಾಗಿದೆ.

ಇದನ್ನು ಪತ್ತೆಮಾಡಲು ಮೂರು ರಕ್ತ ಪರೀಕ್ಷೆಗಳುಂಟು: ಲ್ಯೂಪಸ್ ಆಂಟಿಕೊಆಗ್ಯುಲೆಂಟ್, ಆಂಟಿಕಾರ್ಡಿಯೊಲಿಪಿನ್, ಮತ್ತು ಬೀಟಾ-೨ ಗ್ಲೈಕೊಪ್ರೋಟೀನಿನ ಪ್ರತಿಕಾಯ. ಒಮ್ಮೆ ಕಂಡರೆ ಸಾಲದು. ಸಾಮಾನ್ಯ ಜ್ವರ ಸೋಂಕುಗಳಲ್ಲಿಯೂ ಇವು ಕೆಲಕಾಲ ತಲೆದೋರಿ ಮಾಯವಾಗುವುದುಂಟು. ಆದುದರಿಂದ ಕಡಮೆಯೆಂದರೆ ೧೨ ವಾರಗಳ ಅಂತರದಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಇದ್ದರೆ ಮಾತ್ರ ರೋಗವೆಂದು ನಿರ್ಣಯಿಸತಕ್ಕದ್ದು. ಹೆಪಾರಿನ್ ಚುಚ್ಚಿಕೊಳ್ಳುತ್ತಿರುವಾಗ ಲ್ಯೂಪಸ್ ಆಂಟಿಕೊಆಗ್ಯುಲೆಂಟ್ ಪರೀಕ್ಷೆಯ ಫಲಿತಾಂಶವು ಕೆಡಬಹುದಾದುದರಿಂದ, ಸೂಜಿಮದ್ದು ತೊಡಗುವ ಮುಂಚೆಯೇ ರಕ್ತ ಕೊಡುವುದು ಲೇಸು.

ಈ ರೋಗವುಳ್ಳವರಿಗೆ ಆಸ್ಪಿರಿನ್ ಮತ್ತು ಹೆಪಾರಿನ್ ಎರಡೂ ಸೇರಿ ಮಾಡುವ ಉಪಕಾರವು ಅಲ್ಪವಲ್ಲ. ೧೯೯೭ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಇಂತಹ ೯೦ ಮಂದಿ ಸ್ತ್ರೀಯರಿದ್ದರು. ಆಸ್ಪಿರಿನ್ ಮಾತ್ರ ಪಡೆದ ೪೫ ಮಂದಿಯಲ್ಲಿ ೧೯ ಮಂದಿಗೆ ಜೀವಂತ ಶಿಶು ಜನಿಸಿತು. ಎರಡನ್ನೂ ಪಡೆದ ೪೫ ಮಂದಿಯಲ್ಲಿ ೩೨ ಮಂದಿಗೆ. ಆ ತರುವಾಯದ ಪ್ರಯೋಗಗಳೆಲ್ಲವೂ ಇಷ್ಟು ದೊಡ್ಡ ಅಂತರವನ್ನು ತೋರಿಸಲಿಲ್ಲವಾದರೂ, ಐರೋಪ್ಯ ಮತ್ತು ಅಮೆರಿಕದ ವೈದ್ಯಸಂಘಗಳು ಇಂದಿಗೂ ಈ ಚಿಕಿತ್ಸೆಯನ್ನೇ ವಿಧಿಸುತ್ತವೆ. ಗರ್ಭ ನಿಲ್ಲುವ ಮುಂಚಿನಿಂದ ಆಸ್ಪಿರಿನ್, ಗರ್ಭ ನಿಂತುದು ಗೊತ್ತಾದ ದಿನದಿಂದ ಹೆಪಾರಿನ್, ಎಂಬುದು ಐರೋಪ್ಯ ಸಂಘದ ಸಾಮಾನ್ಯ ಕ್ರಮ. ಆ ಸೊಸೆಗೆ ಈ ರೋಗವಿರುವುದು ಎರಡು ಬಾರಿ ಪರೀಕ್ಷೆಯಿಂದ ದೃಢಪಟ್ಟಿದ್ದರೆ, ಆ ನೀಲಿ ಕಲೆಗಳು ಭಯಪಡತಕ್ಕವಲ್ಲ. ಅವು ಕೂಸಿನ ಕಾವಲಿನ ಗುರುತುಗಳು.

ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ? ಮರಳಿ ಮರಳಿ ಗರ್ಭ ಕಳೆದುಕೊಂಡ ಬಹುಪಾಲು ಸ್ತ್ರೀಯರಲ್ಲಿ ಈ ಪ್ರತಿಕಾಯಗಳು ಇರುವುದಿಲ್ಲ. ಅರ್ಧಕ್ಕೆ ಕಡಮೆಯಿಲ್ಲದವರಲ್ಲಿ ಯಾವ ಕಾರಣವೂ ಸಿಕ್ಕುವುದಿಲ್ಲ. ಅಂತಹವರಿಗೂ ಈ ಮದ್ದು ಒಳ್ಳೆಯದನ್ನೇ ಮಾಡೀತೆಂಬ ನಂಬಿಕೆಯಿಂದ ಅನೇಕ ವೈದ್ಯರು ಕೊಡುತ್ತಾ ಬಂದರು. ಇದನ್ನು ಒರೆಗೆ ಹಚ್ಚಲು ಹಾಲೆಂಡಿನ ವೈದ್ಯರು ೩೬೪ ಸ್ತ್ರೀಯರನ್ನು ಮೂರು ಗುಂಪಾಗಿ ಮಾಡಿ ನಡೆಸಿದ ಪ್ರಯೋಗವು ೨೦೧೦ರಲ್ಲಿ ಪ್ರಕಟವಾಯಿತು. ಆಸ್ಪಿರಿನ್ ಮತ್ತು ಹೆಪಾರಿನ್ ಎರಡನ್ನೂ ಪಡೆದವರಲ್ಲಿ ನೂರಕ್ಕೆ ೫೪.೫, ಆಸ್ಪಿರಿನ್ ಮಾತ್ರ ಪಡೆದವರಲ್ಲಿ ೫೦.೮, ಮದ್ದಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ೫೭ ಮಂದಿಗೆ ಜೀವಂತ ಶಿಶು ಜನಿಸಿತು. ಎಂದರೆ ಮದ್ದಿನಿಂದ ಲೇಶಮಾತ್ರವೂ ಲಾಭ ಕಾಣಲಿಲ್ಲ.

ಹುಟ್ಟಿನಿಂದಲೇ ರಕ್ತ ಬೇಗ ಹೆಪ್ಪುಗಟ್ಟುವ ಗುಣವುಳ್ಳ ಕೆಲವರಿದ್ದಾರೆ. ಫ್ಯಾಕ್ಟರ್ ಫೈವ್ ಲೈಡನ್ ಎಂಬುದು ಅಂತಹ ವಂಶಪಾರಂಪರ್ಯದ ಒಂದು ದೋಷ. ಅವರಿಗಾದರೂ ಹೆಪಾರಿನ್ ನೆರವಾದೀತೆ ಎಂದು ಬ್ರಿಟನ್, ಹಾಲೆಂಡ್ ಮೊದಲಾದ ಐದು ದೇಶಗಳಲ್ಲಿ ೩೨೬ ಸ್ತ್ರೀಯರ ಮೇಲೆ ನಡೆದ ಪ್ರಯೋಗವು ೨೦೨೩ರಲ್ಲಿ ಹೊರಬಿತ್ತು. ಹೆಪಾರಿನ್ ಪಡೆದವರಲ್ಲಿ ನೂರಕ್ಕೆ ೭೨ ಮಂದಿಗೆ ಮಗುವಾಯಿತು. ಪಡೆಯದವರಲ್ಲಿ ೭೧ ಮಂದಿಗೆ. ಮೈಮೇಲೆ ನೀಲಿ ಕಲೆಗಳೆದ್ದವರು ಮಾತ್ರ ಮೊದಲಿನವರಲ್ಲಿ ನೂರಕ್ಕೆ ೪೫, ಎರಡನೆಯವರಲ್ಲಿ ೧೦. ನಮ್ಮಲ್ಲಿ ಎಂ.ಟಿ.ಎಚ್.ಎಫ್.ಆರ್. ಎಂಬ ವಂಶವಾಹಿಯ ಪರೀಕ್ಷೆ ಮಾಡಿಸಿ, ಅದರಲ್ಲಿ ಭೇದ ಕಂಡಿತೆಂದು ಈ ಸೂಜಿಮದ್ದನ್ನು ಕೊಡುವುದೂ ಉಂಟು. ಆ ಭೇದವು ಆರೋಗ್ಯವಂತರಲ್ಲಿಯೂ ಧಾರಾಳವಾಗಿ ಕಾಣತಕ್ಕದ್ದು. ಗರ್ಭಸ್ರಾವಕ್ಕಾಗಿ ಈ ಪರೀಕ್ಷೆ ಬೇಡವೆಂದು ಅಮೆರಿಕದ ವಂಶವಾಹಿ ತಜ್ಞರ ಸಂಘವು ೨೦೧೩ರಲ್ಲಿಯೇ ಹೇಳಿತು.

ಹಾಗಿದ್ದರೆ ನೆರೆಮನೆಯ ಮಗಳಿಗೆ ಮಗುವಾದದ್ದು ಸುಳ್ಳೇ ಎಂದು ಆ ತಾಯಿ ಕೇಳಬಹುದು. ಸುಳ್ಳಲ್ಲ. ಆಕೆಗೆ ಪ್ರತಿಕಾಯಗಳ ರೋಗವೇ ಇದ್ದಿರಬಹುದು. ಅದು ನಮಗೆ ತಿಳಿಯದು. ಇಲ್ಲದಿದ್ದರೂ ಆಶ್ಚರ್ಯವೇನಿಲ್ಲ. ಮೇಲಿನ ಹಾಲೆಂಡಿನ ಪ್ರಯೋಗದಲ್ಲಿ ಹುಸಿಮಾತ್ರೆಯ ಗುಂಪಿಗೆ ಸೇರಿ ಗರ್ಭಿಣಿಯರಾದವರನ್ನೇ ಎಣಿಸಿದರೆ ನೂರಕ್ಕೆ ೬೭ ಮಂದಿಗೆ ಮಗುವಾಯಿತು. ಇಂತಹ ನೂರು ಗರ್ಭಿಣಿಯರಿಗೆ ಸೂಜಿಮದ್ದನ್ನು ಕೊಟ್ಟರೆ ಆ ಅರವತ್ತೇಳು ಮಂದಿ ಅದನ್ನೇ ಹೊಗಳುವರು. ಒಂದು ಬೇರನ್ನು ಅರೆದು ಕುಡಿಸಿದ್ದರೆ ಅವರೇ ಬೇರನ್ನು ಹೊಗಳುತ್ತಿದ್ದರು. ಉಳಿದ ಮೂವತ್ತಮೂರು ಮಂದಿ ಮೌನವಾಗಿ ಅಳುವರು. ಅವರ ಮಾತು ನೆರೆಮನೆಯವರೆಗೆ ಬರುವುದಿಲ್ಲ. ಇದರಲ್ಲಿ ಯಾರ ವಂಚನೆಯೂ ಇಲ್ಲ. ವೈದ್ಯರೂ ಮನುಷ್ಯರೇ, ಅವರೂ ಕಂಡದ್ದನ್ನು ನಂಬುವರು. ಹುಸಿಮಾತ್ರೆಯೊಡನೆ ಹೋಲಿಸಿ ನೋಡುವ ಪ್ರಯೋಗಗಳು ಹುಟ್ಟಿದುದು ಈ ಭ್ರಮೆಯನ್ನು ಕಳೆಯುವುದಕ್ಕಾಗಿಯೇ.

ಪ್ರನಾಳ ಶಿಶುವಿನ ಚಿಕಿತ್ಸೆಯಲ್ಲಿ ಇನ್ನೂ ಕೆಲವು ವಿಶೇಷಗಳಿವೆ. ಈ ಚಿಕಿತ್ಸೆಯಲ್ಲಿ ಒಂದೇ ತಿಂಗಳಲ್ಲಿ ಅನೇಕ ಅಂಡಗಳು ಬಲಿಯುವಂತೆ ಮದ್ದು ಕೊಡುವರು. ಅದರಿಂದ ಈಸ್ಟ್ರೋಜನ್ ಎಂಬ ರಸವು ರಕ್ತದಲ್ಲಿ ಬಹಳವಾಗಿ ಏರಿ, ರಕ್ತಕ್ಕೆ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುವುದು. ಕೆಲವರಲ್ಲಿ ಅಂಡಾಶಯಗಳು ಮಿತಿಮೀರಿ ಉಬ್ಬಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತವು ಗಟ್ಟಿಯಾಗುವುದೂ ಉಂಟು; ಆಗ ತಾಯಿಯ ಜೀವರಕ್ಷಣೆಗಾಗಿಯೇ ಹೆಪಾರಿನ್ ಕೊಡಬೇಕಾಗಬಹುದು. ಹಿಂದೆ ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಹೆಪ್ಪು ಕಟ್ಟಿದ್ದವರಿಗೂ ಹಾಗೆಯೇ. ಇವೆಲ್ಲ ನ್ಯಾಯವಾದ ಕಾರಣಗಳೇ; ಆದರೆ ಇವು ತಾಯಿಯನ್ನು ಕಾಯುವುದಕ್ಕೆ, ಗರ್ಭವನ್ನು ನಿಲ್ಲಿಸುವುದಕ್ಕಲ್ಲ. ಬೇರೆ ಕಾರಣವಿಲ್ಲದೆ, ಭ್ರೂಣವು ಚೆನ್ನಾಗಿ ಅಂಟಿಕೊಳ್ಳಲಿ ಎಂಬ ಉದ್ದೇಶದಿಂದ ಎಲ್ಲರಿಗೂ ಆಸ್ಪಿರಿನ್ ಕೊಡುವುದರಿಂದ ಮಕ್ಕಳ ಜನನ ಹೆಚ್ಚುವುದೆಂಬುದಕ್ಕೆ ಆಧಾರ ದೊರೆತಿಲ್ಲ.

ಪ್ರತಿಕಾಯಗಳ ರೋಗವುಳ್ಳವರು ಈ ಚಿಕಿತ್ಸೆಗೆ ಹೋದರೆ ಅಂಡಗಳನ್ನು ಬಲಿಸುವ ದಿನಗಳಿಂದಲೇ ಹೆಪಾರಿನ್ ಕೊಡಬೇಕೆಂದೂ, ಅಂಡಗಳನ್ನು ಸೂಜಿಯಿಂದ ಹೊರತೆಗೆಯುವುದಕ್ಕೆ ೨೪ರಿಂದ ೩೬ ಗಂಟೆ ಮುಂಚೆ ನಿಲ್ಲಿಸಿ ಆಮೇಲೆ ಮತ್ತೆ ತೊಡಗಬೇಕೆಂದೂ ಅಮೆರಿಕದ ಸಂಧಿರೋಗತಜ್ಞರ ಸಂಘವು ೨೦೨೦ರಲ್ಲಿ ಸೂಚಿಸಿದೆ. ನಿಲ್ಲಿಸುವುದನ್ನು ಮರೆತರೆ ಒಳಗೆ ರಕ್ತಸ್ರಾವವಾಗುವ ಅಪಾಯವುಂಟು. ಹೆರಿಗೆಯ ಕಾಲದಲ್ಲಿಯೂ ಇದೇ ಎಚ್ಚರ ಬೇಕು. ಸಣ್ಣ ಪ್ರಮಾಣದ ಹೆಪಾರಿನ್ ಚುಚ್ಚಿ ೧೨ ಗಂಟೆ ಕಳೆಯುವ ಮುಂಚೆ ಬೆನ್ನುಹುರಿಯ ಬಳಿ ಅರಿವಳಿಕೆಯ ಸೂಜಿ ಹಾಕುವುದಿಲ್ಲ. ಆದಕಾರಣ ಮದ್ದನ್ನು ಎಷ್ಟು ಗಂಟೆಗೆ ಚುಚ್ಚಿಕೊಂಡರೆಂಬುದನ್ನು ದಿನವೂ ಬರೆದಿಡುವುದು ಉತ್ತಮ. ಹೆರಿಗೆಯ ಬಳಿಕವೂ ಕಡಮೆಯೆಂದರೆ ಆರು ವಾರ ಮುಂದುವರಿಸುವುದು ಈ ರೋಗದಲ್ಲಿ ವಾಡಿಕೆ; ಮೊಲೆಯೂಡಿಸುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಲೆಕ್ಕ ಹಾಕಿದರೆ ಇನ್ನೂರೈವತ್ತಕ್ಕೂ ಹೆಚ್ಚು ಸೂಜಿಗಳಾಗುವುವು. ಇಷ್ಟು ನೋವನ್ನೂ ವೆಚ್ಚವನ್ನೂ ಒಬ್ಬ ಹೆಣ್ಣುಮಗಳು ಸಹಿಸಬೇಕಾದಲ್ಲಿ, ಅದಕ್ಕೆ ತಕ್ಕ ಕಾರಣವಿರಲೇಬೇಕು.

ಮದ್ದು ನಡೆಯುತ್ತಿರುವ ಮನೆಗಳಲ್ಲಿ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳುವೆವು. ಹೊಕ್ಕುಳಿನಿಂದ ಎರಡು ಅಂಗುಲ ದೂರದಲ್ಲಿ, ಚರ್ಮವನ್ನು ಮಡಿಕೆಯಾಗಿ ಹಿಡಿದು, ಸೂಜಿಯನ್ನು ನೆಟ್ಟಗೆ ಚುಚ್ಚಬೇಕು. ದಿನವೂ ಒಂದೇ ಕಡೆ ಚುಚ್ಚದೆ ಎಡಬಲಗಳನ್ನು ಬದಲಿಸಬೇಕು. ಚುಚ್ಚಿದ ಜಾಗವನ್ನು ತಿಕ್ಕಕೂಡದು. ತಿಕ್ಕಿದರೆ ನೀಲಿ ಕಲೆ ಹೆಚ್ಚುವುದು. ಆದುದರಿಂದ ಎಣ್ಣೆನೀರು ಹಾಕುವ ಅತ್ತೆಯರೂ ತಾಯಂದಿರೂ ಹೊಟ್ಟೆಯ ಮೇಲೆ ಕೈಯನ್ನು ಹಗುರವಾಗಿಸಬೇಕು. ಬಳಸಿದ ಸೂಜಿಗಳನ್ನು ಗಟ್ಟಿಯಾದ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಹಿಂದಿರುಗಿಸಬೇಕು. ಮೈಕೈನೋವಿಗೆಂದು ಬೇರೆ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಕೂಡದು. ಹೆಪಾರಿನ್ನಿನಿಂದ ಅಪರೂಪವಾಗಿ ಪ್ಲೇಟ್‌ಲೆಟ್‌ಗಳು ಅಪಾಯಕರವಾಗಿ ಇಳಿಯುವುದುಂಟಾದುದರಿಂದ, ಅವುಗಳನ್ನು ಎಣಿಸಬೇಕೆಂದು ವೈದ್ಯರು ಹೇಳಿದಾಗ ತಪ್ಪದೆ ರಕ್ತ ಕೊಡಬೇಕು. ಕೆಳಗಿನಿಂದ ರಕ್ತ ಕಂಡರೆ, ಮಲ ಕಪ್ಪಾದರೆ, ತೀವ್ರವಾದ ತಲೆನೋವು ಬಂದರೆ, ಒಂದು ಕಾಲು ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಪತ್ರದ ಕೊನೆಯಲ್ಲಿ ಆ ತಾಯಿ ಸಂಕೋಚದಿಂದ ಮತ್ತೊಂದು ಮಾತನ್ನು ಕೇಳಿದ್ದಾರೆ: “ಈ ಮದ್ದನ್ನು ಪ್ರಾಣಿಯಿಂದ ತೆಗೆಯುತ್ತಾರಂತೆ, ನಿಜವೆ? ನಮ್ಮದು ಮಡಿಯ ಮನೆ.” ನಿಜವನ್ನು ಮರೆಮಾಚುವುದು ಸರಿಯಲ್ಲ. ಇಂದು ಹೆಚ್ಚಾಗಿ ಬಳಸುವ ಹೆಪಾರಿನ್ ಹಂದಿಯ ಕರುಳಿನ ಒಳಪರೆಯಿಂದ ತಯಾರಾಗುವುದು. ರಾಸಾಯನಿಕವಾಗಿ ತಯಾರಿಸಿದ ಫೊಂಡಾಪರಿನಕ್ಸ್ ಎಂಬ ಬದಲಿ ಮದ್ದೊಂದು ಇದೆಯಾದರೂ, ಗರ್ಭಿಣಿಯರಲ್ಲಿ ಅದರ ಅನುಭವವು ಅಷ್ಟಾಗಿಲ್ಲ. ಪ್ರಾಣರಕ್ಷಣೆಯ ಪ್ರಸಂಗದಲ್ಲಿ ಮದ್ದಿನ ಮೂಲವನ್ನು ವಿಚಾರಿಸದಿರುವುದು ನಮ್ಮ ಹಿರಿಯರ ರೂಢಿಯೇ ಆಗಿತ್ತು. ಆದರೂ ಇದು ಆಯಾ ಮನೆಯವರ ಅಂತಃಸಾಕ್ಷಿಗೆ ಬಿಟ್ಟ ವಿಷಯ. ಮೊದಲಾಗಿ ಆ ಸೊಸೆಯ ಅಂತಃಸಾಕ್ಷಿಗೆ ಬಿಟ್ಟದ್ದು.

ಹಾಗಾದರೆ ಆ ತಾಯಿ ಬೇಕೆನ್ನಬೇಕೆ, ಬೇಡವೆನ್ನಬೇಕೆ? ಎರಡೂ ಬೇಡ. ಅವರು ಮಗನಿಗೂ ಸೊಸೆಗೂ ಹೇಳಬೇಕಾದುದು ಇಷ್ಟೆ: ಮುಂದಿನ ಬಾರಿ ವೈದ್ಯರಲ್ಲಿಗೆ ಹೋದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಈ ಮದ್ದು ಯಾವ ರೋಗಕ್ಕೆ? ಆ ರೋಗವು ಯಾವ ಪರೀಕ್ಷೆಯಲ್ಲಿ ಕಂಡಿತು, ಹನ್ನೆರಡು ವಾರ ಬಿಟ್ಟು ಮತ್ತೆ ನೋಡಿದಿರಾ? ಇದನ್ನು ಯಾವಾಗ ನಿಲ್ಲಿಸಿ ಯಾವಾಗ ತೊಡಗಬೇಕು? ಇದನ್ನು ತೆಗೆದುಕೊಳ್ಳದಿದ್ದರೆ ಮಗುವಾಗುವ ಸಂಭವವೆಷ್ಟು? ಹೀಗೆ ಕೇಳುವುದು ಉದ್ಧಟತನವಲ್ಲ. ನಮ್ಮ ದೇಶದಲ್ಲಿ ಇಂತಹ ಚಿಕಿತ್ಸಾಲಯಗಳಿಗಾಗಿ ೨೦೨೧ರಲ್ಲಿ ಆದ ಕಾನೂನಿನಂತೆ, ಚಿಕಿತ್ಸೆಯ ಗುಣದೋಷ, ಅಪಾಯ, ವೆಚ್ಚ ಮತ್ತು ಫಲಿಸುವ ಸಂಭವ ಇವುಗಳನ್ನು ದಂಪತಿಗಳಿಗೆ ತಿಳಿಸುವುದು ಚಿಕಿತ್ಸಾಲಯದ ಕರ್ತವ್ಯ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರ ಕೊಡುವರು. ಗರ್ಭಸ್ರಾವಕ್ಕೆ ಸಂಬಂಧಿಸದ ಬೇರೆ ಉದ್ದೇಶವೂ ಅವರಿಗಿರಬಹುದು. ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಬರುವ ನಂಜನ್ನು ತಡೆಯಲು ಅಂತಹ ಅಪಾಯವುಳ್ಳವರಿಗೆ ಸಣ್ಣ ಆಸ್ಪಿರಿನ್ ಕೊಡುವುದು ಯೋಗ್ಯವೇ ಆಗಿದೆ. ಕೇಳಿದರೆ ತಾನೆ ತಿಳಿಯುವುದು?

ಇನ್ನು ಮನೆಯವರು ಮಾಡತಕ್ಕ ಕಾರ್ಯವೊಂದಿದೆ. ಅದಕ್ಕೆ ಯಾವ ವೈದ್ಯರ ಚೀಟಿಯೂ ಬೇಕಿಲ್ಲ. ಮೂರು ಬಾರಿ ಗರ್ಭ ಕಳೆದುಕೊಂಡ ಹೆಣ್ಣು ತನ್ನನ್ನು ತಾನೇ ದೂಷಿಸಿಕೊಳ್ಳುತ್ತಿರುವಳು. ಬಿಂದಿಗೆ ಎತ್ತಿದೆನಲ್ಲಾ, ಮೆಟ್ಟಿಲು ಹತ್ತಿದೆನಲ್ಲಾ, ಉಷ್ಣದ ಪದಾರ್ಥ ತಿಂದೆನಲ್ಲಾ ಎಂದು ಹಳಹಳಿಸುವಳು. ಮನೆಯ ನಿತ್ಯದ ಕೆಲಸದಿಂದ ಗರ್ಭ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಮಲಗಿಸಿದ ಮಾತ್ರದಿಂದ ಉಳಿಯುವುದೂ ಇಲ್ಲ. ಚಲಿಸದೆ ಮಲಗಿದರೆ ರಕ್ತ ಹೆಪ್ಪುಗಟ್ಟುವ ಭಯವೇ ಹೆಚ್ಚು. ವರ್ಣತಂತುವಿನ ದೋಷವು ಯಾರ ಪಾಪದ ಫಲವೂ ಅಲ್ಲ, ಯಾರ ಕಾಲ್ಗುಣವೂ ಅಲ್ಲ. ಗಂಡನು ಧೂಮಪಾನ ಮಾಡುತ್ತಿದ್ದರೆ ಬಿಡಲಿ. ಇಬ್ಬರೂ ಪರೀಕ್ಷೆಗೆ ಹೋಗಲಿ. ಸೊಸೆ ಗರ್ಭಕ್ಕೆ ಮುಂಚಿನಿಂದಲೇ ಫಾಲಿಕ್ ಆಮ್ಲದ ಮಾತ್ರೆಯನ್ನು ನುಂಗಲಿ. ಬಂಧುಗಳು “ಏನಾದರೂ ವಿಶೇಷವುಂಟೇ?” ಎಂದು ಕೇಳುವಾಗ ಅತ್ತೆಯಾದವಳು ನಡುವೆ ನಿಂತು ಆ ಮಾತನ್ನು ತಡೆಯಲಿ.

ಆ ತಾಯಿಯವರಿಗೆ ನಮ್ಮ ಕೊನೆಯ ಮಾತು. ತಾವು ಸೊಸೆಯ ಹೊಟ್ಟೆಯ ಮೇಲಿನ ಕಲೆಯನ್ನು ಕಂಡು ನಿದ್ರೆಗೆಟ್ಟಿರಿ. ಅಂತಹ ಅತ್ತೆಯನ್ನು ಪಡೆದ ಆಕೆ ಭಾಗ್ಯಶಾಲಿನಿ. ಆದರೆ ತಮ್ಮ ಭಯವನ್ನು ಆಕೆಯ ಮುಂದೆ ಆಡದಿರಿ. ಆಕೆ ಒಬ್ಬಳೇ ಕೋಣೆಯ ಬಾಗಿಲಿಕ್ಕಿಕೊಂಡು ಚುಚ್ಚಿಕೊಳ್ಳುತ್ತಿದ್ದರೆ, ಊರಿಗೆ ಬಂದ ದಿನಗಳಲ್ಲಾದರೂ ಪಕ್ಕದಲ್ಲಿ ಕುಳಿತುಕೊಳ್ಳಿರಿ. ವೈದ್ಯರ ಉತ್ತರವು ಬಂದ ಮೇಲೆ ಮದ್ದು ಮುಂದುವರಿಯಲಿ, ನಿಲ್ಲಲಿ, ತಮ್ಮ ಕೈಯ ಎಣ್ಣೆನೀರು ಮಾತ್ರ ನಿಲ್ಲದಿರಲಿ. ಆ ಮನೆಯ ತೊಟ್ಟಿಲು ಬೇಗ ತೂಗಲೆಂದು ಹಾರೈಸಿ ಈ ತಿಂಗಳಿಗೆ ವಿರಮಿಸುವೆವು.